ನೀರಿಗಿಳಿದ ವಾರಿಜಾಕ್ಷಿ

ನನ್ನ ಹೆಂಡತಿ ವಾರಿಜಾಕ್ಷಿಯನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅವಳ ಕಥೆ ಹೇಳಲು ಹೊರಟವನು ನಾನೇ ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಷ್ಟು ವರ್ಷ ಸಂಸಾರ ಮಾಡಿದವನು ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದಾ ಎಂದು ಕೇಳುವವರು ಕೇಳಲಿ. ಅವರ ಹೆಂಡತಿಯರು ಸಮುದ್ರದ ತಳಕ್ಕೆ ಇಳಿದಿಲ್ಲ, ಅದಕ್ಕೇ ಅವರಿಗೆ ಅಷ್ಟು ನಿದ್ದೆ ಬರುತ್ತದೆ.

ನಾವಿಬ್ಬರೂ ಗಂಗೊಳ್ಳಿಯವರು, ಮೀನುಗಾರರ ಮನೆಯಲ್ಲಿ ಹುಟ್ಟಿದವರು. ನಾನು ಓದಿ ಡಾಕ್ಟರಾಗಿ, ಮಣಿಪಾಲದಲ್ಲಿ ಸ್ವಲ್ಪ ಕಾಲ ಪಾಠ ಮಾಡಿ, ಈಗ ಮಲೇಶಿಯಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಮನೆ ಪೆಟಾಲಿಂಗ್ ಜಯಾದಲ್ಲಿ. ಹೆಸರು ಡಾಕ್ಟರ್ ಜಯರಾಮ ಎಂದು ಬಾಗಿಲಿಗೆ ಹಾಕಿಸಿದ್ದೇನೆ. ಆದರೆ ನಮ್ಮ ಬೀದಿಯಲ್ಲಿ ಅದನ್ನು ಓದಿದವರು ಯಾರೂ ಇದ್ದಂತಿಲ್ಲ. ಎಲ್ಲರಿಗೂ ಅದು ವಾರಿಜಾಕ್ಷಿಯ ಮನೆ.

ಅವಳ ರಾಜ್ಯ ಮೀನಿನ ಮಾರುಕಟ್ಟೆ. ಬೆಳಿಗ್ಗೆ ಕೈಚೀಲ ಹಿಡಿದು ಅವಳು ಬರುವುದನ್ನು ಕಂಡರೆ ಅಲ್ಲಿಯ ತಮಿಳು ವ್ಯಾಪಾರಿ ನಿನ್ನೆಯ ಮೀನನ್ನು ಮೆಲ್ಲಗೆ ಗೋಣಿಯ ಅಡಿಗೆ ತಳ್ಳುತ್ತಾನೆ. ಇವಳು ಬಂಗುಡೆಯ ಕಿವಿರು ಎತ್ತಿ ನೋಡಿ, "ಅಣ್ಣಾ, ಇದು ಮೊನ್ನೆಯದ್ದು. ಇದನ್ನು ತಿನ್ನಿಸಿ ನನ್ನ ಗಂಡನನ್ನು ಕೊಲ್ಲಬೇಕಂತ ಉಂಟಾ ನಿಮಗೆ?" ಎಂದು ಕನ್ನಡದಲ್ಲೇ ಬೈಯುತ್ತಾಳೆ. ಅವನು ತಮಿಳಿನಲ್ಲಿ ಆಣೆ ಹಾಕುತ್ತಾನೆ. ಕೊನೆಗೆ ಇವಳ ಚೀಲಕ್ಕೆ ತಾಜಾ ಮೀನೇ ಬೀಳುತ್ತದೆ. ಭಾನುವಾರ ಉಡುಪಿ ಕಡೆಯ ಡಾಕ್ಟರುಗಳೆಲ್ಲ ಸಂಸಾರ ಸಮೇತ ನಮ್ಮಲ್ಲಿಗೆ ಬಂದು ಮೀನುಸಾರು ಹೊಡೆದು, "ಅಕ್ಕಾ, ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು" ಎನ್ನುತ್ತಾರೆ. ಮೀನು ಚೀಲ ಹೊತ್ತು ತಂದವನು ಮೂಲೆಯಲ್ಲಿ ಕೂತಿರುತ್ತಾನೆ. ಅವನ ಕೈಗೆ ಹಿತ್ತಾಳೆಯದ್ದೂ ಇಲ್ಲ.

ಅವಳ ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಅಪ್ಪನಿಗೆ ಸ್ವಂತ ದೋಣಿ ಇತ್ತು. ಆ ದೋಣಿಗೆ ಹಣ ಹೊಂದಿಸಲು ಅಮ್ಮನ ಕುತ್ತಿಗೆಯ ಸರ ಹೋಗಿತ್ತು. ಆದರೆ ಅಮ್ಮನಾಗಲಿ ಮಗಳಾಗಲಿ ಅದಕ್ಕೆ ಕಾಲಿಡುವ ಹಾಗಿರಲಿಲ್ಲ. ಹೆಂಗಸರು ಕಾಲಿಟ್ಟರೆ ಬಲೆಗೆ ಮೀನು ಬೀಳುವುದಿಲ್ಲ ಎಂದು ಅವಳ ಅಪ್ಪನ ಹಟ. ಚಿಕ್ಕವಳಿದ್ದಾಗ ಒಮ್ಮೆ ಕದ್ದು ಹತ್ತಿದ್ದಕ್ಕೆ ಬೆನ್ನಿಗೆ ಹುಣಸೆ ಬರಲಿನ ಏಟು ಬಿದ್ದಿತ್ತಂತೆ. ದೋಣಿ ಹೋದರೆ ಹೋಗಲಿ ಎಂದು ಅವಳು ಹೊಳೆಗೆ ಇಳಿದು, ಚಿಪ್ಪು ಹೆಕ್ಕುತ್ತ, ಹುಡುಗರನ್ನು ಹಿಂದೆ ಹಾಕಿ ಈಜು ಕಲಿತಳು.

ನನಗೆ ಈಜು ಬರುವುದಿಲ್ಲ. ಗಂಗೊಳ್ಳಿಯ ಮೀನುಗಾರನ ಮಗನಿಗೆ ಈಜು ಬರುವುದಿಲ್ಲ ಎಂದರೆ ಜನ ನಗುತ್ತಾರೆ, ನಗಲಿ. ನನ್ನ ಅಣ್ಣ ತಿಮ್ಮಪ್ಪ ಒಂದು ದಿನ ದೋಣಿ ಹತ್ತಿ ಹೋದವನು ಬರಲಿಲ್ಲ. ಅಂದಿನಿಂದ ಅಪ್ಪ ನನ್ನನ್ನು ಮೊಣಕಾಲಿನಷ್ಟು ನೀರಿಗೂ ಬಿಡಲಿಲ್ಲ, ಪುಸ್ತಕ ಕೊಟ್ಟು ಒಳಗೆ ಕೂರಿಸಿದ. ನಮ್ಮ ಅಮ್ಮನದ್ದೊಂದು ರೂಢಿ ಇತ್ತು. ಸಮುದ್ರಕ್ಕೆ ಹೋಗುವವರು ಚಪ್ಪಲಿ ಅಂಗಳದಲ್ಲೇ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದರು. ಅವರು ಅತ್ತ ಹೋದದ್ದೇ ಅಮ್ಮ ಆ ಚಪ್ಪಲಿಗಳನ್ನು ಮನೆಬಾಗಿಲ ಕಡೆಗೆ ಮುಖ ಮಾಡಿ ತಿರುಗಿಸಿಡುತ್ತಿದ್ದಳು. ಚಪ್ಪಲಿ ಮನೆ ನೋಡುತ್ತಿದ್ದರೆ ಕಾಲೂ ಮನೆಗೆ ಬರುತ್ತದೆ ಎಂದು ಅವಳ ನಂಬಿಕೆ. ತಿಮ್ಮಪ್ಪಣ್ಣನ ಚಪ್ಪಲಿ ಅಮ್ಮ ಸಾಯುವವರೆಗೂ ಬಾಗಿಲು ನೋಡುತ್ತಲೇ ಇತ್ತು. ಸೊಸೆಯಾಗಿ ಬಂದ ವಾರಿಜಾಕ್ಷಿ ಅದರ ಧೂಳು ಒರೆಸುತ್ತಿದ್ದಳು.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಮಗಳು ತನ್ವಿ ಹಡಗಿನ ಪ್ರವಾಸ ಬುಕ್ ಮಾಡಿದಳು. ಪೋರ್ಟ್ ಕ್ಲಾಂಗಿನಲ್ಲಿ ಹತ್ತಿದರೆ ಲಂಕಾವಿ, ಅಲ್ಲಿಂದ ಥಾಯ್ಲೆಂಡಿನ ಫುಕೆಟ್, ಮತ್ತೆ ವಾಪಸು. "ಯೂ ಬೋತ್ ಜಸ್ಟ್ ಈಟ್ ಆ್ಯಂಡ್ ಸ್ಲೀಪ್ ಲಾ, ಅಪ್ಪಾ" ಎಂದಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಕೊನೆಗೊಂದು ಲಾ ಸೇರಿಸಿದ ಮಲೇಶಿಯಾದ ಇಂಗ್ಲಿಷಿನಲ್ಲಿ. ನನಗೆ ತಿಂದು ಮಲಗುವುದು ಬಹಳ ಹಿಡಿಸಿತು. ಡೆಕ್ಕಿನ ಮೇಲೆ ಹೆಂಡತಿಯ ಪಕ್ಕ ಕೂತು ತೆಂಗಿನ ನೀರು ಕುಡಿಯುವ ಕನಸನ್ನೂ ಕಂಡೆ. ವಾರಿಜಾಕ್ಷಿ ಮೊಬೈಲಿನಲ್ಲಿ ಮತ್ತೇನನ್ನೋ ಓದುತ್ತಿದ್ದಳು.

"ಇಲ್ಲಿ ನೋಡಿ ಮಾರಾಯ್ರೆ. ನಮ್ಮ ಪೇಟೆಯಲ್ಲೇ ಡೈವಿಂಗ್ ಶಾಲೆ ಉಂಟು. ಪಾಠ, ಈಜುಕೊಳದ ಅಭ್ಯಾಸ ಇಲ್ಲಿ. ಆಮೇಲೆ ಮಾಸ್ತರು ನಮ್ಮ ಹಡಗಲ್ಲೇ ಬರ್ತಾರಂತೆ. ಲಂಕಾವಿಯಲ್ಲಿ ಎರಡು ಸಲ, ಫುಕೆಟಲ್ಲಿ ಎರಡು ಸಲ ಸಮುದ್ರಕ್ಕೆ ಇಳಿದರೆ ಮುಗೀತು, ಕಾರ್ಡ್ ಕೊಡ್ತಾರೆ. ನಾನು ಸೇರ್ತೇನೆ."

"ಎಂತದ್ದಕ್ಕೆ? ಈ ವಯಸ್ಸಲ್ಲಿ?"

"ಹುಟ್ಟಿದಾಗಿಂದ ಸತ್ತ ಮೀನೇ ನೋಡಿದ್ದೇನೆ. ಒಮ್ಮೆ ಬದುಕಿದ್ದನ್ನು ಅದರ ಮನೆಗೇ ಹೋಗಿ ನೋಡಬೇಕು."

ನಾನೂ ಸೇರುತ್ತೇನೆ ಎಂದೆ. ಅವಳ ಮೇಲಿನ ಪ್ರೀತಿಯಿಂದ ಎಂದು ತನ್ವಿ ತಿಳಿದಳು. ಖಂಡಿತ ಅಲ್ಲ. ಇವಳು ಕಾರ್ಡು ಹಿಡಿದು ಭಾನುವಾರದ ಪಂಗಡದ ಮುಂದೆ ಮೆರೆಯುವಾಗ ನಾನು ಮೂಲೆಯಲ್ಲಿ ಕೂರಲಾರೆ ಎಂಬ ಒಂದೇ ಕಾರಣಕ್ಕೆ.

ಈಜುಕೊಳದಲ್ಲಿ ನನ್ನ ಮಾನ ಹೋಯಿತು. ಮಾಸ್ತರ ಹೆಸರು ಶುಕ್ರಿ, ಮಲಯ್ ಹುಡುಗ, ಭಾರೀ ತಾಳ್ಮೆಯವ. ನೀರಿನ ಅಡಿಯಲ್ಲಿ ಕಣ್ಣಿನ ಮಾಸ್ಕು ತೆಗೆದು, ಬಾಯಿಗೆ ಕಚ್ಚಿಕೊಂಡ ಗಾಳಿಯ ನಳಿಗೆಯಿಂದಲೇ ಉಸಿರಾಡಿ, ಮತ್ತೆ ಹಾಕಿಕೊಂಡು ಮೂಗಿನಿಂದ ಊದಿ ನೀರು ಹೊರಗೆ ಹಾಕಬೇಕು. ವಾರಿಜಾಕ್ಷಿ ಅದನ್ನು ಒಲೆ ಊದಿದಷ್ಟು ಸಲೀಸಾಗಿ ಮಾಡಿದಳು. ನಾನು ಮಾಸ್ಕು ತೆಗೆದದ್ದೇ ಮೂಗಿಗೆ ನೀರು ನುಗ್ಗಿ, ಕೈಕಾಲು ಬಡಿದು, ಶುಕ್ರಿಯ ಕುತ್ತಿಗೆ ಹಿಡಿದು ಮೇಲೆ ಬಂದೆ. "ಸ್ಲೋಲಿ, ಡಾಕ್ಟರ್, ಸ್ಲೋಲಿ" ಎಂದು ಅವನು ಬೆನ್ನು ತಟ್ಟಿದ. ಇನ್ನೊಮ್ಮೆ ಇಳಿದಾಗಲೂ ಅದೇ ಪಾಡು. ಸೈನಸ್ ತೊಂದರೆ ಇದೆ ಎಂದು ಹೇಳಿ ಬಿಟ್ಟುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವು ಮನಸ್ಸಿನಲ್ಲೇ ಅಂದುಕೊಂಡರೆ ಸಾಕು, ಬಾಯಿ ಬಿಟ್ಟು ಹೇಳಬೇಡಿ.

ಇದಾದರೂ ಸಹಿಸಬಹುದಿತ್ತು. ಆದರೆ ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಮುಳುಗುವ ಈ ಸ್ಕೂಬಾದಲ್ಲಿ ಒಬ್ಬೊಬ್ಬರೇ ಇಳಿಯುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಬೇಕು. ಅವನಿಗೆ ಬಡ್ಡಿ ಎನ್ನುತ್ತಾರೆ. ನಾನು ಬಿಟ್ಟ ಜಾಗಕ್ಕೆ ಬಂದವನು ಕೀರ್ತಿರಾಜ್, ಹಾಸನದ ಹುಡುಗ, ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಇನ್ನೂ ಮದುವೆಯಿಲ್ಲ. ತೋಳು ನೋಡಿದರೆ ಬೆಳಗಾದರೆ ಜಿಮ್ಮಿಗೇ ಹೋಗುತ್ತಾನೆಂದು ಗೊತ್ತಾಗುತ್ತದೆ. ಹೊಟ್ಟೆ ಎನ್ನುವುದು ಇಲ್ಲವೇ ಇಲ್ಲ. ಬಡ್ಡಿ ಅಂತೆ ಬಡ್ಡಿ! ಅಸಲು ನಾನಿಲ್ಲಿ ಕಲ್ಲುಗುಂಡಿನ ಹಾಗೆ ಕೂತಿರುವಾಗ!

ಅಂದಿನಿಂದ ನನ್ನ ಮನೆ ನನ್ನದಾಗಿ ಉಳಿಯಲಿಲ್ಲ. ಊಟಕ್ಕೆ ಕೂತರೆ ವಾರಿಜಾಕ್ಷಿಯ ಫೋನು ಟಿಂಗ್ ಎನ್ನುತ್ತದೆ. "ಅಕ್ಕಾ, ಮೇಲೆ ಬರ್ಬೇಕಾದ್ರೆ ಯಾಕೆ ಉಸಿರು ಕಟ್ಬಾರ್ದು, ಹೇಳಿ ನೋಡೋಣ" ಎಂದು ಅವನ ದನಿ. ಇವಳು ಅನ್ನ ಕಲಸುತ್ತಲೇ ಉತ್ತರ ಹೇಳುತ್ತಾಳೆ, ಅವನು ಸೂಪರ್ ಎನ್ನುತ್ತಾನೆ, ಇಬ್ಬರೂ ನಗುತ್ತಾರೆ. ನಾನು ಶ್ವಾಸಕೋಶದ ಔಷಧಗಳ ಬಗ್ಗೆ ಮಕ್ಕಳಿಗೆ ಪಾಠ ಮಾಡಿ ತಲೆ ನರೆತವನು. ನನ್ನನ್ನು ಯಾರೂ ಕೇಳಲಿಲ್ಲ.

ಒಂದು ಭಾನುವಾರ ಕೊಳದ ದಂಡೆಯಲ್ಲಿ ಕೂತು ನೋಡಿದೆ. ಇಳಿಯುವ ಮೊದಲು ಜೊತೆಗಾರರು ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸುವುದು ಕ್ರಮ. ಅವನು ನನ್ನ ಹೆಂಡತಿಯ ಭುಜದ ಪಟ್ಟಿ ಎಳೆದು ನೋಡಿದ, ಸೊಂಟದ ಬಕಲು ನೋಡಿದ, ಸಿಲಿಂಡರಿನ ಮುಚ್ಚಳ ತಿರುಗಿಸಿ ನೋಡಿದ. ಆಮೇಲೆ ಅವಳೂ ಅವನದನ್ನು ಹಾಗೆಯೇ ನೋಡಿದಳು. ಇಷ್ಟು ವರ್ಷದಲ್ಲಿ ಅವಳ ಸರದ ಕೊಂಡಿಯನ್ನು ನಾನು ಒಂದು ದಿನ ಹಾಕಿಕೊಟ್ಟವನಲ್ಲ. ಅವಳೂ ಕೇಳಿದವಳಲ್ಲ. ಆದರೂ ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ಆಮೇಲೆ ನೀರಿನಲ್ಲಿ ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಸಿಲಿಂಡರಿನಿಂದ ಉಸಿರು ತೆಗೆದುಕೊಳ್ಳುವ ಅಭ್ಯಾಸ ಬೇರೆ.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ. "ಅವನ ಬಾಯಿಗೆ ಹಾಕಿದ ನಳಿಗೆಯನ್ನೇ ನೀನು ಬಾಯಿಗೆ ಹಾಕುವುದಾ? ಎಂಜಲು ಅಲ್ವಾ?"

"ಅಯ್ಯೋ ನಿಮ್ಮ ತಲೆ! ನಳಿಗೆ ಬೇರೆ ಬೇರೆ, ಸಿಲಿಂಡರ್ ಒಂದು." ಅವಳು ನನ್ನ ಮುಖ ನೋಡಿ ನಗಲು ಶುರು ಮಾಡಿದಳು. "ಆ ಹುಡುಗ ನನ್ನನ್ನು ಅಕ್ಕ ಅಂತ ಕರೀತಾನೆ ಮಾರಾಯ್ರೆ. ನಿಮಗೆ ಹೊಟ್ಟೆಕಿಚ್ಚಾ?"

"ನನಗೆಂತ ಹೊಟ್ಟೆಕಿಚ್ಚು? ಹಾಸನದವನಿಗೆ ಸಮುದ್ರ ಎಂತ ಗೊತ್ತು ಅಂತ ಕೇಳಿದೆ, ಅಷ್ಟೆ."

ಹಿಂದಿನ ಸೀಟಿನಿಂದ ತನ್ವಿ, "ಅಪ್ಪಾ, ಯೂ ಆರ್ ಸೋ ಜೆಲಸ್ ಲಾ" ಎಂದಳು. ಈ ಮಕ್ಕಳಿಗೆ ಕನ್ನಡ ಅರ್ಥವಾಗದಿದ್ದರೇ ಚೆನ್ನಾಗಿತ್ತು.

ಹಡಗು ಲಂಕಾವಿಗೆ ತಲುಪಿದ ಬೆಳಿಗ್ಗೆ ನನ್ನ ಹೊಟ್ಟೆಕಿಚ್ಚು ಹೊರಗೆ ಬಿತ್ತು. ತಿಂಡಿಯ ಹೊತ್ತಿಗೆ ನಾನು ವಾರಿಜಾಕ್ಷಿಗೆಂದು ದೋಸೆಯ ಸಾಲಿನಲ್ಲಿ ನಿಂತು, ಎರಡು ದೋಸೆ ಹಿಡಿದು ಬಂದರೆ, ಅವಳು ಆಗಲೇ ಕೀರ್ತಿರಾಜನ ಜೊತೆ ಬಾಳೆಹಣ್ಣು ತಿಂದು ಮುಗಿಸಿದ್ದಳು. ಹೊಟ್ಟೆ ಹಗುರ ಇರಬೇಕಂತೆ, ಬಡ್ಡಿ ಹೇಳಿದನಂತೆ. ದೋಸೆ ಆರಿತು, ನನ್ನ ತಲೆ ಬಿಸಿಯಾಯಿತು. ಎರಡನ್ನೂ ನಾನೇ ತಿಂದು, ಅವರ ಹಿಂದೆ ದೋಣಿ ನಿಲ್ಲುವ ಜೆಟ್ಟಿಗೆ ನಡೆದೆ.

ಡೈವಿಂಗ್ ದೋಣಿಗೆ ಚಪ್ಪಲಿ ಹಾಕಿ ಹತ್ತುವ ಹಾಗಿಲ್ಲ. ಎಲ್ಲರೂ ಜೆಟ್ಟಿಯ ಮೇಲೆ ಬಿಟ್ಟು ಹತ್ತುತ್ತಿದ್ದರು. ಕೀರ್ತಿರಾಜ್ ಫೋನು ನನ್ನ ಕೈಗೆ ಕೊಟ್ಟು, "ಸರ್, ಅಮ್ಮ ಕಾಲ್ ಮಾಡಿದ್ರೆ ಶಾಪಿಂಗ್‌ಗೆ ಹೋಗಿದಾನೆ ಅಂದ್ಬಿಡಿ. ಡೈವಿಂಗ್ ಅಂತ ಹೇಳಿಲ್ಲ, ಹೆದರ್ಕೋತಾರೆ" ಎಂದ. ನಾನು ನಿನ್ನ ಗುಮಾಸ್ತನಾ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ವಾರಿಜಾಕ್ಷಿ ಚಪ್ಪಲಿ ಕಳಚಿ, ದೋಣಿಯ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋದಳು. ಅವಳು ಕಾಲಿಟ್ಟದ್ದಕ್ಕೆ ಯಾರೂ ಹುಣಸೆ ಬರಲು ಹಿಡಿದು ಓಡಿ ಬರಲಿಲ್ಲ. ಶುಕ್ರಿ ಕೈ ಹಿಡಿದು ಹತ್ತಿಸಿಕೊಂಡ, ಕೀರ್ತಿರಾಜ್ ಜಾಗ ಬಿಟ್ಟುಕೊಟ್ಟ. ಅವಳ ಮುಖದಲ್ಲಿ ಒಂದು ಕಳೆ ಬಂತು. ನಮ್ಮ ಮದುವೆಯ ದಿನವೂ ಅದು ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ.

"ಹೋಗಿ ಬರ್ತೇನೆ" ಎಂದಳು.

"ಹೋಗು" ಎಂದೆ.

ಅಷ್ಟೇ. ಬಾ ಎನ್ನಲಿಲ್ಲ. ಬೀದಿಯ ಅಂಗಡಿಗೆ ಬೆಂಕಿಪೆಟ್ಟಿಗೆ ತರಲು ಹೋಗುವವರಿಗೂ ನಮ್ಮಲ್ಲಿ ಹೋಗು ಎಂದು ಬಿಡುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಸಮುದ್ರಕ್ಕೆ ಹೋಗುವವರಿಗಂತೂ ಕೇಳುವುದೇ ಬೇಡ. ಅವಳ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಇಂಜಿನ್ನು ಶುರುವಾಯಿತು, ದೋಣಿ ಹೋಯಿತು.

ಮೊದಮೊದಲು ನನಗೆ ಸಮಾಧಾನವೇ ಆಯಿತು, ಚುರುಕು ಮುಟ್ಟಿಸಿದೆ ಎಂದು. ಒಂದು ತೆಂಗಿನ ನೀರು ಕುಡಿದೆ. ಅವರಿಬ್ಬರೂ ಈಗ ನೀರಿನಡಿಯಲ್ಲಿ ಕೈ ಸನ್ನೆ ಮಾಡಿಕೊಂಡು ಮೀನು ತೋರಿಸಿಕೊಳ್ಳುತ್ತಿರಬಹುದು ಎಂದು ನೆನೆದು ಉರಿದುಕೊಂಡೆ. ನನಗೆ ಕಾಣದ್ದನ್ನು ಅವನು ಅವಳ ಜೊತೆ ನೋಡುತ್ತಿದ್ದಾನೆ, ಮುಂದೆ ಮುದುಕಿಯಾದಾಗ ಅವಳು ಅದನ್ನು ನೆನೆಯುವಾಗ ಪಕ್ಕದಲ್ಲಿ ನಾನಿದ್ದರೂ ನೆನಪಿನಲ್ಲಿ ಅವನಿರುತ್ತಾನೆ. ಈ ಉರಿಗೆ ಔಷಧಶಾಸ್ತ್ರದಲ್ಲಿ ಮದ್ದಿಲ್ಲ.

ಮಧ್ಯಾಹ್ನ ಕಳೆದು ಅವರು ಬರಬೇಕಾದ ಹೊತ್ತಾಯಿತು. ಬರಲಿಲ್ಲ. ಡೈವಿಂಗಿಗೆ ಹೋದ ದ್ವೀಪದ ಕಡೆ ಆಕಾಶ ಕಪ್ಪಾಗಿತ್ತು. ಜೆಟ್ಟಿಯ ಕಾವಲುಗಾರನನ್ನು ಕೇಳಿದೆ. ಅವನು ಅತ್ತ ಕೈ ತೋರಿಸಿ ಮಳೆ, ಸ್ವಲ್ಪ ತಡ ಎಂದು ಸಿಗರೇಟು ಹಚ್ಚಿದ. ಶುಕ್ರಿಗೆ ಫೋನು ಮಾಡಿದರೆ ಹೋಗಲಿಲ್ಲ. ಹಡಗಿನಿಂದ ಎಲ್ಲರೂ ಹತ್ತಬೇಕೆಂದು ಸಂದೇಶ ಬಂತು. ಹಡಗು ಯಾರಪ್ಪನ ಮನೆಯದ್ದೂ ಅಲ್ಲ, ಕಾಯುವುದಿಲ್ಲ. ಆ ಕ್ಷಣದಲ್ಲಿ ನನಗೆ ಹಡಗಿನ ಚಿಂತೆ ಇತ್ತು ಎಂದರೆ ಸುಳ್ಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಬೆಳಿಗ್ಗೆ ಆಡಿದ ಆ ಒಂದು ಮಾತು ಎದೆಯ ಮೇಲೆ ಕೂತಿತ್ತು. ಎಷ್ಟು ಸಲ ಬಾ, ಬಾ ಎಂದು ಸಮುದ್ರದ ಕಡೆ ತಿರುಗಿ ಪಿಸುಗುಟ್ಟಿದೆನೋ ಲೆಕ್ಕವಿಲ್ಲ. ಪಕ್ಕದಲ್ಲಿ ನಿಂತ ಚೀನೀ ಹೆಂಗಸು ನನ್ನನ್ನು ನೋಡಿ ದೂರ ಸರಿದಳು.

ಆಗ ಅವಳ ಚಪ್ಪಲಿ ಕಣ್ಣಿಗೆ ಬಿತ್ತು. ನಮ್ಮ ದೇಶದವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿನಲ್ಲಿ ಕೊಂಡ ಕಂದು ಚಪ್ಪಲಿ, ಹಿಮ್ಮಡಿಯ ಹತ್ತಿರ ಸವೆದಿದೆ. ಬಿಟ್ಟು ಹೋದ ಹಾಗೆಯೇ ಸಮುದ್ರಕ್ಕೆ ಮುಖ ಮಾಡಿ ಇತ್ತು.

ನಾನು ವಿಜ್ಞಾನ ಕಲಿಸುವವನು. ಮಕ್ಕಳು ಮೂಢನಂಬಿಕೆಯ ಮಾತಾಡಿದರೆ ಕ್ಲಾಸಿನಿಂದ ಹೊರಗೆ ಕಳಿಸಿದ್ದೇನೆ. ಸುತ್ತ ನೋಡಿದೆ. ಬಗ್ಗಿ ಆ ಚಪ್ಪಲಿಗಳನ್ನು ದಡದ ಕಡೆಗೆ ತಿರುಗಿಸಿ ಜೋಡಿಸಿಟ್ಟೆ. ತಿಮ್ಮಪ್ಪಣ್ಣನದ್ದನ್ನೂ ಹೀಗೇ ಇಟ್ಟಿದ್ದಳಲ್ಲ ಅಮ್ಮ, ಏನಾಯಿತು ಎಂದು ಮನಸ್ಸು ಹೇಳಿತು. ಬಾಯಿ ಮುಚ್ಚು ಎಂದು ಅದನ್ನು ಗದರಿದೆ. ನಮ್ಮ ಅಮ್ಮ ಆಯಸ್ಸಿಡೀ ಮಾಡಿದ ಕೆಲಸ ಇದು, ನಿಂತುಕೊಂಡು ನೀರು ನೋಡುವುದು. ಎಷ್ಟು ಕಷ್ಟದ್ದು ಎಂದು ನನಗೆ ಗೊತ್ತಿರಲಿಲ್ಲ.

ದೋಣಿ ಬಂತು. ಮಳೆಗೆ ದ್ವೀಪದ ಮರೆಯಲ್ಲಿ ನಿಂತಿದ್ದರಂತೆ, ಅಷ್ಟೇ. ವಾರಿಜಾಕ್ಷಿ ಒದ್ದೆ ಕೂದಲಲ್ಲಿ, ಹಣೆಯ ಮೇಲೆ ಮಾಸ್ಕಿನ ಗೆರೆ ಹೊತ್ತು, ದೋಣಿ ಕಟ್ಟುವ ಮೊದಲೇ ಮಾತು ಶುರು ಮಾಡಿದ್ದಳು.

"ಮಾರಾಯ್ರೆ, ಮೀನಿನ ಹಿಂಡು! ನಮ್ಮ ಬಂಗುಡೆ ಇದ್ದ ಹಾಗೇ! ಬೆಳ್ಳಿ ಬೆಳ್ಳಿ! ನನ್ನ ಸುತ್ತ ಒಂದು ಸುತ್ತು ಬಂದು ಹೋಯಿತು. ಅವುಗಳ ಕಣ್ಣು ಹೇಗೆ ತಿರುಗ್ತದೆ ಗೊತ್ತುಂಟಾ? ಅಪ್ಪ ಅಷ್ಟು ವರ್ಷ ದೋಣಿಯಲ್ಲಿ ಹೋದರೂ ಅವರಿಗೆ ಮೇಲಿನ ನೀರು ಮಾತ್ರ ಕಂಡದ್ದು. ನಾನು ಒಳಗೆ ನೋಡಿದೆ!"

ನನಗೆ ಅಳು ಬರುವ ಹಾಗಿತ್ತು, ಬೈದೆ. "ಹೊತ್ತು ಗೊತ್ತು ಉಂಟಾ ನಿನಗೆ? ಹಡಗು ಹೋಗ್ತದೆ ಈಗ. ಮೀನಂತೆ ಮೀನು!"

ಅವಳು ಜೆಟ್ಟಿಗೆ ಕಾಲಿಟ್ಟವಳು ಹಾಗೇ ನಿಂತಳು. ಸಾಲಾಗಿ ಬಿಟ್ಟ ಚಪ್ಪಲಿಗಳೆಲ್ಲ ಸಮುದ್ರ ನೋಡುತ್ತಿದ್ದವು, ಅವಳದ್ದೊಂದು ಜೊತೆ ಮಾತ್ರ ಮನೆ ಕಡೆಗಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಗು ನಿಂತುಹೋಯಿತು.

"ಅತ್ತೆ ಮಾಡ್ತಿದ್ದ ಹಾಗೇ" ಎಂದಳು ಮೆಲ್ಲಗೆ.

"ಬಿಸಿಲಿಗೆ ಕಾಯ್ತಿತ್ತು. ಸರಿಸಿಟ್ಟೆ."

"ಎಂತ ಬಿಸಿಲು? ಅಷ್ಟು ಮೋಡ ಇತ್ತಲ್ಲ" ಎಂದಷ್ಟೇ ಹೇಳಿ ಚಪ್ಪಲಿಗೆ ಕಾಲು ತೂರಿಸಿದಳು. ಹಡಗು ಸಿಕ್ಕಿತು. ಆ ಸಂಜೆ ಊಟಕ್ಕೆ ಅವಳು ನನ್ನ ಪಕ್ಕ ಕೂತಳು, ಆದರೆ ಮಾತೆಲ್ಲ ಮೀನಿನದ್ದೇ. ಎದುರಿಗೆ ಕೂತ ಕೀರ್ತಿರಾಜ್ ಅವಳು ಬಿಟ್ಟದ್ದನ್ನು ಸೇರಿಸುತ್ತಿದ್ದ. ನನಗೆ ಮತ್ತೆ ಉರಿಯಿತು. ಹೆದರಿಕೆ ಹೋದದ್ದೇ ಹೊಟ್ಟೆಕಿಚ್ಚು ಹಳೆಯ ಜಾಗಕ್ಕೆ ಬಂದು ಕೂತಿತು, ಬಾಡಿಗೆ ಕೊಟ್ಟವರ ಹಕ್ಕಿನಿಂದ.

ಫುಕೆಟಿನಲ್ಲಿ ಇನ್ನೆರಡು ಸಲ ಇಳಿಯುವುದಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಜೆಟ್ಟಿಯ ಮೇಲೆ ವಾರಿಜಾಕ್ಷಿ ಚಪ್ಪಲಿ ಕಳಚಿ, ತಾನೇ ಬಗ್ಗಿ ಅವನ್ನು ದಡದ ಕಡೆಗೆ, ನಾನು ನಿಂತ ಕಡೆಗೆ ತಿರುಗಿಸಿಟ್ಟಳು. ಆಮೇಲೆ ಸೊಂಟದ ಪಟ್ಟಿ ನನ್ನ ಮುಂದೆ ಹಿಡಿದು, "ಬಕಲು ಸ್ವಲ್ಪ ನೋಡಿ" ಎಂದಳು. ಅದು ಸರಿಯಾಗಿಯೇ ಇತ್ತು. ಆದರೂ ಎಳೆದು ನೋಡಿದೆ, ಇನ್ನೊಮ್ಮೆ ಎಳೆದು ನೋಡಿದೆ.

"ಹೋಗಿ ಬರ್ತೇನೆ" ಎಂದು ದೋಣಿಯಲ್ಲಿ ನಿಂತು ನನ್ನನ್ನೇ ನೋಡಿದಳು. ದೋಣಿಯವನು ಹಗ್ಗ ಬಿಚ್ಚಿ ಕಾಯುತ್ತಿದ್ದ.

"ಹೋಗಿ ಬಾ" ಎಂದೆ, ಜೆಟ್ಟಿಗೆಲ್ಲ ಕೇಳುವ ಹಾಗೆ.

ದೋಣಿ ಸಣ್ಣದಾಗುತ್ತ ಹೋಯಿತು. ನೆರಳಿಗೆ ಹೋಗಿ ಕೂರೋಣ ಎಂದು ತಿರುಗಿದೆ. ಅವಳ ಚಪ್ಪಲಿಯ ಪಕ್ಕದಲ್ಲಿ ಕೀರ್ತಿರಾಜನ ದೊಡ್ಡ ಕಪ್ಪು ಚಪ್ಪಲಿ ಬಿದ್ದಿತ್ತು, ಒಂದು ಅತ್ತ, ಒಂದು ಇತ್ತ, ಎರಡೂ ಸಮುದ್ರಕ್ಕೆ ಮುಖ ಮಾಡಿ. ಬಿಟ್ಟ ರೀತಿಯಲ್ಲೂ ಒಂದು ಅಹಂಕಾರ. ಬಿದ್ದಿರಲಿ, ನನಗೇನು ಎಂದು ನಾಲ್ಕು ಹೆಜ್ಜೆ ಮುಂದೆ ಹೋದೆ.

ಅವನು ಇವತ್ತೂ ನನ್ನ ಕೈಗೆ ಕೊಟ್ಟು ಹೋಗಿದ್ದ ಫೋನು ಜೇಬಿನಲ್ಲಿ ಬಡಿದುಕೊಂಡಿತು. ತೆಗೆದು ನೋಡಿದರೆ ಅಮ್ಮ ಎಂದಿತ್ತು. "ಶಾಪಿಂಗಿಗೆ ಹೋಗಿದ್ದಾನೆ ಅಮ್ಮಾ, ಈಗ ಬರ್ತಾನೆ" ಎಂದೆ. ಆ ಕಡೆಯಿಂದ ವಯಸ್ಸಾದ ದನಿ, "ಊಟ ಮಾಡಿದ್ನಾ ಸಾರ್?" ಎಂದು ಕೇಳಿತು. ಮಾಡಿದ್ದಾನೆ ಎಂದು ಸುಳ್ಳು ಹೇಳಿ ಇಟ್ಟೆ.

ಹಿಂದಕ್ಕೆ ಬಂದೆ. ಬಡ್ಡಿಮಗ, ಚಪ್ಪಲಿ ನೆಟ್ಟಗೆ ಬಿಡಲೂ ಬರುವುದಿಲ್ಲ ಎಂದು ಬೈದುಕೊಳ್ಳುತ್ತಲೇ ಬಗ್ಗಿ, ಅವನದ್ದನ್ನೂ ದಡದ ಕಡೆಗೆ ತಿರುಗಿಸಿಟ್ಟೆ.